ಮಲಪ್ರಭೆಯ ಕಣಿವೆಯ ದೇಗುಲಗಳೂ ಕಸುಬಿನ ಊರುಗಳೂ

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ತಂಗಿದ ಪ್ರವಾಸಿಗನಿಗೆ, ಬೆಳಗಿನಲ್ಲಿ ಹೊರಟು ಇರುಳಾಗುವದರೊಳಗೆ ಮರಳಬಹುದಾದ ದೂರದಲ್ಲಿ, ಕರ್ನಾಟಕದ ಪ್ರಾಚೀನ ಇತಿಹಾಸದ ಮುಖ್ಯ ಸ್ಥಳಗಳನೇಕವು ದೊರೆಯುವವು. ಪಡುವಣಕ್ಕೆ ರಟ್ಟರ ಸುಗಂಧವರ್ತಿಯೆನಿಸಿದ್ದ ಸವದತ್ತಿಯೂ ಸಾವಿರ ಮಹಾಜನರ ಅಗ್ರಹಾರವಾಗಿದ್ದ ಹೂಲಿಯೂ ಇವೆ. ತಾಲೂಕಿನೊಳಗೇ ತೊರಗಲೆ ಆರುಸಾಸಿರವೆಂಬ ನಾಡಿಗೆ ಹೆಸರಿತ್ತ ತೊರಗಲ್ಲಿದೆ. ಮೂಡಣಕ್ಕೆ ನಡೆದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳು ಬರುತ್ತವೆ. ಇದೇ ಸೀಮೆಯಲ್ಲಿ ರಾಮದುರ್ಗ, ಸುರೇಬಾನ, ಗುಳೇದಗುಡ್ಡ, ಇಳಕಲ್ಲುಗಳೆಂಬ ನೇಕಾರರ ಊರುಗಳೂ ಇರುವವು. ನೋಡಬರುವವರು ಒಂದು ದಿನವನ್ನು ಹಾಳುಬಿದ್ದ ಗುಡಿಗಳಿಗೂ ಇನ್ನೊಂದನ್ನು ಮಗ್ಗಗಳಿಗೂ ಮೀಸಲಿಡುತ್ತಾರೆ. ಮೊದಲನೆಯದು ಇತಿಹಾಸ, ಎರಡನೆಯದು ಬರಿಯ ವ್ಯಾಪಾರವೆಂಬ ಭಾವನೆಯು ಈ ವಿಂಗಡಣೆಯ ಹಿಂದಿದೆ. ಆದರೆ ಕಣಿವೆಯ ಶಾಸನಗಳು ಈ ಭೇದವನ್ನು ಒಪ್ಪುವದಿಲ್ಲ.

ಐಹೊಳೆಯ ಮೇಗುತಿ ಬಸದಿಯ ಶಾಸನವು ಶಕ 556ರದು, ಎಂದರೆ ಕ್ರಿ.ಶ. 634ರದು. ಅದರಲ್ಲಿ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸಮಗಟ್ಟಿ ಹೇಳಿಕೊಂಡಿರುವದು ಸಾಹಿತ್ಯದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ವಿಷಯ. ಅಲ್ಲಿಂದ ಕೆಲವೇ ಹರದಾರಿ ದೂರದ ಪಟ್ಟದಕಲ್ಲಿನಲ್ಲಿ ಶಿಲ್ಪಿಗಳೂ ಹಾಗೆಯೇ ತಮ್ಮ ಹೆಸರನ್ನು ಉಳಿಸಿದ್ದಾರೆ. ಆದರೆ ಆ ಹೆಸರುಗಳು ಪಾಠಶಾಲೆಯನ್ನು ಮುಟ್ಟಿದ್ದು ಕಡಿಮೆ. ಎರಡನೆಯ ವಿಕ್ರಮಾದಿತ್ಯನ (ಕ್ರಿ.ಶ. 733–744) ಕಂಚಿಯ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ದೇಗುಲವು ಇಂದು ವಿರೂಪಾಕ್ಷನ ಗುಡಿಯೆನಿಸಿದೆ. ಅಲ್ಲಿಯ ಶಾಸನಗಳು ಸೂತ್ರಧಾರಿ ಗುಂಡನಿಗೆ ತ್ರಿಭುವನಾಚಾರಿಯೆಂಬ ಬಿರುದು ದೊರೆತುದನ್ನು ಹೇಳುತ್ತವೆ. ಫ್ಲೀಟ್ ಪಂಡಿತರ ವ್ಯಾಖ್ಯಾನದ ಮೇರೆಗೆ, ಈ ಪ್ರಾಂತದ ಕುಶಲಿಗಳಿಗೆ ಉಂಟಾಗಿದ್ದ ಬಹಿಷ್ಕಾರದ ನಿವಾರಣೆಯ ಮಾತೂ ಅವುಗಳಲ್ಲಿದೆ. ಒಬ್ಬ ಶಿಲ್ಪಿಯ ಸನ್ಮಾನದೊಡನೆ ಕಸುಬುದಾರರ ಸಮೂಹದ ಮಾನವೂ ಗುಡಿಯ ಕಲ್ಲಿನ ಮೇಲೆ ಬರೆಯಲ್ಪಟ್ಟಿರುವದು ಲಕ್ಷ್ಯಕ್ಕೆ ತಕ್ಕ ಸಂಗತಿ.

ಅದೇ ಗುಡಿಯಲ್ಲಿ ತೆಂಕಣ ದೆಸೆಯ ಸೂತ್ರಧಾರಿಯೆಂದು ವರ್ಣಿತನಾದ ಸರ್ವಸಿದ್ಧಿ ಆಚಾರಿಯ ಪ್ರಶಸ್ತಿಯು ಇನ್ನೂ ಬೋಧಪ್ರದವಾಗಿದೆ. ಪುರ, ವಾಸ್ತು, ಪ್ರಾಸಾದಗಳ ಜೊತೆಗೆ ಯಾನ, ಆಸನ, ಶಯನಗಳ ನಿರ್ಮಾಣವೂ ಅವನ ನೈಪುಣ್ಯದಲ್ಲಿ ಎಣಿಕೆಯಾಗಿದೆ. ಬಂಡಿ, ಪೀಠ, ಮಂಚಗಳನ್ನು ಬಲ್ಲ ಕೈಯೇ ವಿಮಾನವನ್ನೂ ಬಲ್ಲುದಾಗಿದ್ದಿತು. ಹಳ್ಳಿಯ ಬಡಿಗನ ಕೊಟ್ಟಿಗೆಗೂ ಅರಸನ ದೇಗುಲಕ್ಕೂ ನಡುವೆ ಇಂದಿನವರು ಕಲ್ಪಿಸುವ ಗೋಡೆಯು ಅಂದು ಇರಲಿಲ್ಲವೆಂಬದಕ್ಕೆ ಇದಕ್ಕಿಂತ ಬಲವಾದ ಪ್ರಮಾಣವು ಬೇಕಿಲ್ಲ.

ಗುಡಿಯು ಕಟ್ಟಿದ ಮೇಲೆಯೂ ಈ ಸಂಬಂಧವು ಕಡಿಯುತ್ತಿರಲಿಲ್ಲ. ಸವದತ್ತಿಯ ಶಕ 902ರ (ಕ್ರಿ.ಶ. 980) ಶಾಸನದಂತೆ ರಟ್ಟ ಶಾಂತಿವರ್ಮನು ತಾನು ಕಟ್ಟಿಸಿದ ಬಸದಿಗೆ 150 ಮತ್ತರು ನೆಲವನ್ನು ಬಿಟ್ಟನು. ಅರಸರು ಭೂಮಿಯನ್ನು ಕೊಟ್ಟರೆ, ಗಾಣಿಗರು ನಂದಾದೀವಿಗೆಗೆ ಎಣ್ಣೆಯನ್ನು ಕೊಡುವದೂ, ಗಾಣದೆರೆ ಮಗ್ಗದೆರೆಗಳು ದೇವರಿಗೆ ಸಲ್ಲುವದೂ ಕನ್ನಡ ಶಾಸನಗಳಲ್ಲಿ ಪದೇ ಪದೇ ಕಾಣುವ ಪದ್ಧತಿ. ಅಯ್ಯಾವೊಳೆಯ ಐನೂರ್ವರ ಹೆಸರಿನಲ್ಲಿ ಇಲ್ಲಿಯ ವಣಿಕರ ಸಂಘವು ದಕ್ಷಿಣಾಪಥದಲ್ಲೆಲ್ಲ ಪ್ರಸಿದ್ಧವಾಗಿತ್ತು. ಕಣಿವೆಯ ಹೊರಗಿನ ಒಂದು ನಿದರ್ಶನವನ್ನೂ ಹೋಲಿಸಬಹುದು. ಮಂದಸೋರದಲ್ಲಿ ಲಾಟದೇಶದಿಂದ ಬಂದ ಪಟ್ಟವಾಯರ, ಎಂದರೆ ರೇಶಿಮೆಯ ನೇಕಾರರ, ಶ್ರೇಣಿಯು ಮಾಲವ ಸಂವತ್ಸರ 493ರಲ್ಲಿ ಸೂರ್ಯದೇಗುಲವನ್ನು ಕಟ್ಟಿಸಿ, 529ರಲ್ಲಿ ಜೀರ್ಣೋದ್ಧಾರವನ್ನೂ ಮಾಡಿತು. ಆ ಶ್ರೇಣಿಯವರಲ್ಲಿ ಕೆಲವರು ನೇಯ್ಗೆಯನ್ನು ಬಿಟ್ಟು ಬೇರೆ ವೃತ್ತಿಗಳನ್ನು ಹಿಡಿದುದನ್ನೂ ಕವಿ ವತ್ಸಭಟ್ಟಿಯು ಮರೆಯದೆ ಹೇಳಿದ್ದಾನೆ.

ಆ ಮಾತು ಇಂದಿನ ಇಳಕಲ್ಲು ಗುಳೇದಗುಡ್ಡಗಳಿಗೂ ಸಲ್ಲುತ್ತದೆ. ವಿದ್ಯುತ್ ಮಗ್ಗಗಳು ಬಂದು ಕುಣಿಮಗ್ಗಗಳು ವಿರಳವಾಗುತ್ತಿರುವವು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ರೇಶಿಮೆಯ ಹಾಸಿನೊಡನೆ ಕುಣಿಕೆ ಕುಣಿಕೆಯಾಗಿ ತೊಡಕಿಸುವ ಕೊಂಡಿಯ ಕೆಲಸವನ್ನು ಕಣ್ಣಿನಿಂದ ಕಂಡವನಿಗೇ ಅದರ ಮರ್ಮವು ತಿಳಿಯುವದು. ಹಾಸು, ಹೊಕ್ಕು, ಲಾಳಿಗಳೆಂಬ ಶಬ್ದಗಳು ನಿಘಂಟಿನಲ್ಲಿ ಸಿಗುತ್ತವೆ. ಆದರೆ ಎಲ್ಲರೂ ಆಡುವ 'ಹಾಸುಹೊಕ್ಕು' ಎಂಬ ನುಡಿಯ ಬಲವು ಮಗ್ಗದ ಮುಂದೆ ನಿಂತಾಗಲೇ ಪ್ರಕಟವಾಗುವದು. ನೇಕಾರನಾಗಿದ್ದ ದೇವರ ದಾಸಿಮಯ್ಯನ ವಚನಗಳನ್ನು ಬೋಧಿಸುವ ಉಪಾಧ್ಯಾಯನಿಗೆ ಮಗ್ಗವೂ ಒಂದು ಟೀಕಾಗ್ರಂಥವೇ ಸರಿ.

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯು ಉಕ್ಕಿ ಹರಿದಾಗ ಪಟ್ಟದಕಲ್ಲಿನ ಗುಡಿಗಳ ಆವರಣವನ್ನೂ ರಾಮದುರ್ಗದ ಮನೆಗಳನ್ನೂ ನೀರು ಹೊಕ್ಕಿತು. ನೀರಿಳಿದ ಮೇಲೆ ಕಲ್ಲು ತೊಳೆದಂತಾಗಿ ನಿಂತಿತು. ಮರದ ಮಗ್ಗಕ್ಕೂ ಹಚ್ಚಿದ ಹಾಸಿಗೂ ಆ ಭಾಗ್ಯವಿಲ್ಲ. ಪಟ್ಟದಕಲ್ಲಿನ ಸ್ಮಾರಕಗಳು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿ ರಕ್ಷಣೆಯನ್ನು ಪಡೆದಿವೆ. ಶಾಸನಗಳ ಪಾಠಗಳು ಅಚ್ಚಾಗಿವೆ. ಕಸುಬಿನ ಪರಿಭಾಷೆಯ ಬಹುಭಾಗವಾದರೋ ಮುದಿ ನೇಕಾರರ, ಬಡಿಗರ, ಕಲ್ಲುಕುಟಿಗರ ನಾಲಗೆಯ ಮೇಲೆಯೇ ಉಳಿದಿದೆ. ಗುಡಿಯನ್ನು ನೋಡಲು ಹೊರಟ ವಿದ್ವಾಂಸನು ಅದೇ ದಿನದ ಸಂಜೆಯನ್ನು ಮಗ್ಗದ ಮನೆಯಲ್ಲಿ ಕಳೆದು ಆ ಶಬ್ದಗಳನ್ನು ಅರ್ಥಸಹಿತವಾಗಿ ಬರೆದುಕೊಂಡರೆ, ಅದೂ ಶಾಸನದ ಪ್ರತಿ ತೆಗೆದಷ್ಟೇ ಮೌಲ್ಯದ ಕೆಲಸವಾಗುವದು.