ರೊಂಡೊ: ಇಕ್ಕಟ್ಟಿನ ಜಾಗದ ಫುಟ್‌ಬಾಲ್ ಅಭ್ಯಾಸದ ಇತಿಹಾಸ

ವೃತ್ತ ಇಲ್ಲವೆ ಚೌಕದ ಅಂಚಿನಲ್ಲಿ ನಿಂತ ಆಟಗಾರರು, ನಡುವೆ ಇರುವ ಒಬ್ಬಿಬ್ಬರಿಗೆ ಸಿಗದಂತೆ ಚೆಂಡನ್ನು ಪಾಸ್ ಮಾಡುತ್ತ ತಮ್ಮಲ್ಲೇ ಉಳಿಸಿಕೊಳ್ಳುವ ಅಭ್ಯಾಸವೇ ರೊಂಡೊ. ನಾಲ್ವರ ಎದುರು ಒಬ್ಬ, ಐವರ ಎದುರು ಇಬ್ಬರು ಎಂಬ ಲೆಕ್ಕಗಳು ಹೆಚ್ಚು ರೂಢಿಯಲ್ಲಿವೆ. ಹತ್ತು ಮೀಟರ್ ಅಗಲದ ಜಾಗವೂ ಸಾಕು. ಇದನ್ನು ಹುಟ್ಟುಹಾಕಿದವರು ಯೊಹಾನ್ ಕ್ರೈಫ್ ಎಂದು ಅನೇಕ ಬರಹಗಳು ಹೇಳುತ್ತವೆ. ಆದರೆ ಅವರು ಬಾರ್ಸಿಲೋನಾದ ಕೋಚ್ ಆದದ್ದು 1988ರಲ್ಲಿ. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಅದೇ ಕ್ಲಬ್ಬಿನ ಕಿರಿಯರ ತಂಡಗಳನ್ನು ಪಳಗಿಸಿದ ಲೌರೆಯಾನೊ ರೂಯಿಸ್ ಈ ಅಭ್ಯಾಸವನ್ನು ಅಲ್ಲಿ ನೆಲೆಗೊಳಿಸಿದ್ದರು. ತಾವು ಅದನ್ನು 1957ರಲ್ಲೇ ಸ್ಪೇನಿನ ಸಾಂತಾಂದೇರ್‌ನಲ್ಲಿ ರೂಪಿಸಿದ್ದಾಗಿ ರೂಯಿಸ್ ಹೇಳಿಕೊಂಡಿದ್ದಾರೆ. ಈ ಮಾತನ್ನು ಗೌರವದಿಂದಲೇ ತೂಗಿ ನೋಡಬೇಕು. ನಡುವಿನವನಿಗೆ ಚೆಂಡು ಸಿಗದಂತೆ ಆಡುವ ಆಟ ಹಲವು ದೇಶಗಳ ಮಕ್ಕಳಿಗೆ ಗೊತ್ತಿರುವಂಥದ್ದು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಸಂಸ್ಥೆಯ ತರಬೇತಿ ನಿರ್ದೇಶಕ ಅಲನ್ ವೇಡ್ ಕೂಡ ಹತ್ತು ಗಜದ ಚೌಕಗಳಲ್ಲಿ ಸಣ್ಣ ಗುಂಪುಗಳ ಅಭ್ಯಾಸವನ್ನು ಬೋಧಿಸಿದರು. ಅವರ ಕೈಪಿಡಿ 1967ರಲ್ಲಿ ಹೊರಬಂತು. ಹೀಗಿರುವಾಗ ಮೊದಲು ಆಡಿಸಿದವರು ಯಾರು ಎಂಬುದಕ್ಕಿಂತ, ಮೈ ಬಿಸಿಯೇರಿಸುವ ಆಟವೊಂದು ಪಾಠಕ್ರಮವಾದದ್ದು ಎಲ್ಲಿ ಎಂದು ಕೇಳುವುದೇ ಇತಿಹಾಸಕ್ಕೆ ಹೆಚ್ಚು ಉಪಯುಕ್ತ.

ಆ ತಿರುವಿನ ಶ್ರೇಯಸ್ಸು ಬಾರ್ಸಿಲೋನಾಕ್ಕೆ ಸಲ್ಲುತ್ತದೆ, ಆದರೆ ಅಲ್ಲಿನ ಯಾರೋ ಒಬ್ಬರಿಗೇ ಸಲ್ಲುವುದಿಲ್ಲ. ಎತ್ತರ ಕಡಿಮೆಯಿರುವ ಹುಡುಗರನ್ನು ತರಬೇಡಿ ಎಂಬ ಅರ್ಥದ ಫಲಕವೊಂದನ್ನು ಕ್ಲಬ್ಬಿನ ಕಚೇರಿಯಿಂದ ರೂಯಿಸ್ ಕಿತ್ತುಹಾಕಿದ ಪ್ರಸಂಗ ಪ್ರಸಿದ್ಧ. ಮೈಕಟ್ಟಿಗಿಂತ ಚೆಂಡಿನ ಹಿಡಿತವನ್ನು ಮೇಲಿಟ್ಟ ಆ ನಿಲುವಿಲ್ಲದೆ ರೊಂಡೊಗೆ ಅಷ್ಟು ಮಹತ್ವ ಬರುತ್ತಿರಲಿಲ್ಲ. ಕ್ರೈಫ್ ಅದನ್ನು ಹಿರಿಯರ ತಂಡದ ದಿನಚರಿಗೆ ತಂದರು. ಹ್ಯಾಂಡ್‌ಬಾಲ್ ಹಿನ್ನೆಲೆಯ ಪಾಕೊ ಸೆಯಿರುಲ್ಲೊ ಅದಕ್ಕೆ ತಾತ್ವಿಕ ಚೌಕಟ್ಟು ಕೊಟ್ಟರು. 2008ರಿಂದ 2012ರವರೆಗೆ ಪೆಪ್ ಗ್ವಾರ್ಡಿಯೋಲಾ ಕೋಚ್ ಆಗಿದ್ದ ತಂಡ ಗಳಿಸಿದ ಗೆಲುವುಗಳಿಂದ ಅದು ಜಗತ್ತಿನ ಕಣ್ಣಿಗೆ ಬಿತ್ತು.

ಗೋಲು ಇಲ್ಲ, ಮುನ್ನುಗ್ಗುವ ದಿಕ್ಕಿಲ್ಲ, ನಿಂತಲ್ಲೇ ಪಾಸ್ ಮಾಡುವುದನ್ನು ಫುಟ್‌ಬಾಲ್ ಎನ್ನಲಾಗದು ಎಂಬುದು ಇದರ ಮೇಲಿನ ಮುಖ್ಯ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ. ವೃತ್ತದ ಸಾದಾ ರೊಂಡೊ ಮೊದಲ ಸ್ಪರ್ಶ, ಮೈ ತಿರುಗಿಸಿ ನಿಲ್ಲುವ ಕೋನ, ಒತ್ತಡದಲ್ಲಿ ತಟ್ಟನೆ ನಿರ್ಧರಿಸುವುದು ಇವನ್ನು ಕಲಿಸುತ್ತದೆ, ಆಡುವ ದಿಕ್ಕನ್ನಲ್ಲ. ಈ ಕೊರತೆಯಿಂದಲೇ ಸ್ಥಾನಾಧಾರಿತ ಆಟಗಳು ಬೆಳೆದವು: ಆಯತದ ಎರಡು ತುದಿಗಳಲ್ಲಿ ಆಟಗಾರರು, ಚೆಂಡು ಯಾರ ಬಳಿ ಇದೆಯೋ ಅವರ ಕಡೆ ಸೇರುವ ತಟಸ್ಥರು, ಚೆಂಡು ಕಳೆದುಕೊಂಡವರು ಆ ಕ್ಷಣವೇ ಬೆನ್ನಟ್ಟಬೇಕೆಂಬ ನಿಯಮ. ದೈಹಿಕ ಶ್ರಮದ ಪ್ರಶ್ನೆಗೂ ಅಳತೆಯ ಉತ್ತರವಿದೆ. ಮೂವರ ಎದುರು ಮೂವರಿಂದ ಆರು ಮಂದಿಯ ಎದುರು ಆರು ಮಂದಿಯವರೆಗಿನ ಆಟಗಳನ್ನು ರಾಂಪಿನಿನಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೋಲಿಸಿತು. ಆಟಗಾರರು ಕಡಿಮೆಯಾದಷ್ಟೂ, ಅಂಗಳ ಹಿಗ್ಗಿದಷ್ಟೂ, ಕೋಚ್ ಹುರಿದುಂಬಿಸಿದಾಗಲೂ ಶ್ರಮದ ತೀವ್ರತೆ ಏರಿತು. ಅಂದರೆ ಅಂಗಳದ ಅಳತೆ ಬದಲಾದರೆ ಅಭ್ಯಾಸದ ಉದ್ದೇಶವೇ ಬದಲಾಗುತ್ತದೆ. ಕಿರಿದಾದ ಚೌಕವನ್ನು ಓಟದ ತಾಲೀಮಿಗೆ ಬದಲಿಯಾಗಿ ಬಳಸುವುದು ಸಲ್ಲದು.

ರೊಂಡೊಗೆ ಮಹತ್ವ ಬಂದುದರಲ್ಲಿ ಆಟದ ನಿಯಮಗಳ ಪಾಲನ್ನು ಹಲವು ಬರಹಗಳು ಮರೆಯುತ್ತವೆ. ಸಂಗಾತಿ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವುದನ್ನು 1992ರಲ್ಲಿ ನಿಷೇಧಿಸಿದ್ದರಿಂದ ಕೀಪರ್ ಕೂಡ ಕಾಲಿನಿಂದ ಆಡಬೇಕಾಯಿತು. 2019ರ ತಿದ್ದುಪಡಿಯಿಂದ ಗೋಲ್‌ಕಿಕ್ಕನ್ನು ಪೆನಾಲ್ಟಿ ಆವರಣದೊಳಗೇ ಸಂಗಾತಿ ಪಡೆಯಬಹುದಾಯಿತು. ಹೀಗೆ ಎದುರಾಳಿ ಮುತ್ತುವಾಗ ಇಕ್ಕಟ್ಟಿನಲ್ಲಿ ಪಾಸ್ ಮಾಡುವುದು ಪಂದ್ಯದ ನಿತ್ಯದ ಕೆಲಸವೇ ಆಯಿತು.

ಕರ್ನಾಟಕಕ್ಕೆ ಬಾರ್ಸಿಲೋನಾದ ಈ ಪರಂಪರೆ ನೇರವಾಗಿಯೇ ಬಂತು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದ ಆಲ್ಬರ್ಟ್ ರೋಕಾ 2016ರಲ್ಲಿ ಬೆಂಗಳೂರು ಎಫ್‌.ಸಿ. ಕೋಚ್ ಆದರು, ಆ ವರ್ಷ ತಂಡ ಎ.ಎಫ್‌.ಸಿ. ಕಪ್ ಫೈನಲ್ ತಲುಪಿತು. ಅವರ ನಂತರ ಬಂದ, ಬಾರ್ಸಿಲೋನಾದ ಯುವ ಶಾಲೆಯಲ್ಲೇ ಬೆಳೆದ ಕಾರ್ಲೆಸ್ ಕ್ವಾದ್ರಾತ್ ಅವರ ಕೈಯಲ್ಲಿ 2018–19ರ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಬಂತು. ಇವನ್ನು ಒಂದೇ ಅಭ್ಯಾಸದ ಫಲವೆಂದು ಬರೆಯುವುದು ಅತಿಯಾದೀತು. ಆದರೆ ತರಬೇತಿಯ ಪದ್ಧತಿ ಪುಸ್ತಕಗಳಿಗಿಂತ ಕೋಚ್‌ಗಳ ಜೊತೆ ಪಯಣಿಸುತ್ತದೆ ಎಂಬುದಕ್ಕೆ ಇವು ಹೆಸರು ಸಮೇತ ಸಿಗುವ ಪುರಾವೆ.