ಸಾಲು ಮತ್ತು ಕ್ವಾರಣ್ಯ: ಮಾದೇಶ್ವರ ಕಾವ್ಯದ ಬೆಳಕಿನಲ್ಲಿ ವಿಡಿಯೊ ಗೇಮ್ ಸರಣಿಗಳ ಕಥಾಹೊಂದಿಕೆಯ ಸಮಸ್ಯೆ

ದೀರ್ಘಕಾಲ ನಡೆದುಬಂದಿರುವ ವಿಡಿಯೊ ಗೇಮ್ ಸರಣಿಗಳಲ್ಲಿ ಒಂದು ಕಂತಿನ ಕಥೆ ಇನ್ನೊಂದರ ಕಥೆಗೆ ಹೊಂದದೆ ಹೋಗುವುದನ್ನು ವಿಮರ್ಶಕರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ವಿವರಿಸುತ್ತಾರೆ. ಆಟದ ಸೊಗಸಿಗಾಗಿ ಕಥೆಯನ್ನು ಬಲಿಗೊಟ್ಟ ಅಜಾಗ್ರತೆ ಅದು ಎಂಬುದು ಒಂದು. ಆಟದಲ್ಲಿ ಕಥೆ ಹೇಗೂ ಮೇಲುಹೊದಿಕೆಯಾದುದರಿಂದ ಅದರ ಹೊಂದಿಕೆಯನ್ನು ಕೇಳುವುದೇ ಸಲ್ಲದು ಎಂಬುದು ಇನ್ನೊಂದು. ಮೇಲ್ನೋಟಕ್ಕೆ ವಿರುದ್ಧವಾಗಿ ಕಾಣುವ ಈ ಎರಡು ವಿವರಣೆಗಳೂ ಕಥೆ ಮತ್ತು ಆಟ ಒಂದನ್ನೊಂದು ತಿಂದು ಬದುಕುವ ಎದುರಾಳಿಗಳೆಂಬ ಗೃಹೀತವನ್ನು ಸಮನಾಗಿ ಹಂಚಿಕೊಂಡಿವೆ. ಈ ಗೃಹೀತ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಚಾಮರಾಜನಗರ ಜಿಲ್ಲೆಯಲ್ಲಿಯೂ ಅದಕ್ಕೆ ಹೊಂದಿಕೊಂಡ ತಮಿಳುನಾಡಿನ ಗಡಿಸೀಮೆಯಲ್ಲಿಯೂ ದೇವರಗುಡ್ಡರು ಹಾಡುವ ಮಲೆ ಮಾದೇಶ್ವರ ಕಾವ್ಯವನ್ನು ಸಾಕ್ಷ್ಯವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೂರ್ವಚರ್ಚೆ ಪರಿಚಿತವಾದುದೇ. ಜಾನೆಟ್ ಮರ್ರೆ 1997ರ ತಮ್ಮ ಗ್ರಂಥದಲ್ಲಿ ಕಂಪ್ಯೂಟರನ್ನು ಕಥನದ ಹೊಸ ಮಾಧ್ಯಮವೆಂದು ಸ್ವಾಗತಿಸಿದರು. ಡೆನ್ಮಾರ್ಕಿನ ಯೆಸ್ಪರ್ ಯೂಲ್ 2001ರ ಲೇಖನದಲ್ಲಿ ನಿರೂಪಣೆ ಮತ್ತು ಆಟಗಾರನ ಕೈವಾಡ ಏಕಕಾಲದಲ್ಲಿ ನಡೆಯಲಾರವು ಎಂದು ಅದಕ್ಕೆ ಎದುರುನಿಂತರು. ಆಟಗಳ ವಿನ್ಯಾಸಕಾರ ಕ್ಲಿಂಟ್ ಹಾಕಿಂಗ್ 2007ರಲ್ಲಿ 'ಬಯೋಶಾಕ್' ಎಂಬ ಆಟವನ್ನು ಕುರಿತು ಬರೆಯುತ್ತ, ಕಥೆ ಹೇಳುವ ಮೌಲ್ಯಕ್ಕೂ ನಿಯಮಗಳು ಪುರಸ್ಕರಿಸುವ ನಡೆಗೂ ನಡುವಣ ಬಿರುಕಿಗೆ 'ಲುಡೊನ್ಯಾರೇಟಿವ್ ಡಿಸೊನೆನ್ಸ್', ಎಂದರೆ ಆಟ ಮತ್ತು ಕಥೆಗಳ ವಿಸಂಗತಿ, ಎಂಬ ಹೆಸರಿಟ್ಟರು. ಇವುಗಳಿಗಿಂತ ಇಲ್ಲಿ ಹೆಚ್ಚು ಉಪಯುಕ್ತವಾಗುವುದು ಯೂಲ್ ಅವರದೇ 2005ರ 'ಹಾಫ್-ರಿಯಲ್' ಗ್ರಂಥದ ಒಂದು ಮಾತು. 'ಡಾಂಕಿ ಕಾಂಗ್' ಆಟದ ನಾಯಕನಿಗೆ ಮೂರು ಜೀವಗಳಿರುವುದೇಕೆ ಎಂಬ ಪ್ರಶ್ನೆಗೆ ಕಥಾಲೋಕದೊಳಗೆ ಉತ್ತರವಿಲ್ಲ, ಆಟದ ನಿಯಮಗಳಲ್ಲಿ ಇದೆ, ಆಟಗಾರನೂ ಗೊಂದಲವಿಲ್ಲದೆ ಅಲ್ಲಿಂದಲೇ ಉತ್ತರವನ್ನು ಪಡೆಯುತ್ತಾನೆ ಎಂದು ಅವರು ತೋರಿಸಿಕೊಟ್ಟಿದ್ದಾರೆ. ಆದರೆ ಆ ವಿವೇಚನೆ ಬಿಡಿ ಆಟವೊಂದಕ್ಕೆ ಸಂಬಂಧಿಸಿದ್ದು. ದಶಕಗಳ ಕಾಲ ಕಂತುಕಂತಾಗಿ ಬೆಳೆಯುವ ಸರಣಿಗೆ ಅದನ್ನು ಅನ್ವಯಿಸುವಾಗ ತೊಡಕು ಏಳುತ್ತದೆ.

ಜಪಾನಿನ ನಿಂಟೆಂಡೊ ಸಂಸ್ಥೆ 1986ರಲ್ಲಿ ಆರಂಭಿಸಿದ 'ದಿ ಲೆಜೆಂಡ್ ಆಫ್ ಜೆಲ್ಡಾ' ಇದಕ್ಕೆ ಪ್ರಸಿದ್ಧ ನಿದರ್ಶನ. ಲಿಂಕ್ ಎಂಬ ನಾಯಕ, ಜೆಲ್ಡಾ ಎಂಬ ರಾಜಕುಮಾರಿ, ಹೈರೂಲ್ ಎಂಬ ನಾಡು ಕಂತಿನಿಂದ ಕಂತಿಗೆ ಮರಳಿ ಬರುತ್ತಿದ್ದರೂ ಅವುಗಳ ಕಾಲಾನುಕ್ರಮ ಬಹುಕಾಲ ಅಸ್ಪಷ್ಟವಾಗಿಯೇ ಇತ್ತು. 2011ರ 'ಹೈರೂಲ್ ಹಿಸ್ಟೋರಿಯಾ' ಎಂಬ ಅಧಿಕೃತ ಗ್ರಂಥ ಎಲ್ಲವನ್ನೂ ಒಂದು ವಂಶಾವಳಿಯಂತೆ ಜೋಡಿಸಿ, 1998ರ 'ಒಕಾರಿನಾ ಆಫ್ ಟೈಮ್' ಆಟದ ಅಂತ್ಯದಿಂದ ಕಾಲವು ಮೂರು ಕವಲಾಗುತ್ತದೆ ಎಂದಿತು. ಮೂರರಲ್ಲಿ ಒಂದು ಕವಲು ನಾಯಕ ಸೋತಾಗ ಹುಟ್ಟುವಂಥದು, ಎಂದರೆ ಆಟವನ್ನು ಮುಗಿಸಿದವನು ಎಂದೂ ಕಾಣದ ಅಂತ್ಯದಿಂದ ಹೊರಡುವಂಥದು. ಜೋಡಣೆಯ ಈ ಜಾಣ್ಮೆ ಬಹಳ ದಿನ ಬಾಳಲಿಲ್ಲ. 2017ರ 'ಬ್ರೆತ್ ಆಫ್ ದ ವೈಲ್ಡ್' ಯಾವ ಕವಲಿಗೂ ಖಚಿತವಾಗಿ ಸೇರದೆ ಉಳಿಯಿತು. ಅದರ ನೇರ ಮುಂದುವರಿಕೆಯಾದ 2023ರ ಆಟದಲ್ಲಿ ಹಿಂದಿನ ಕಂತಿನ ದೈತ್ಯಯಂತ್ರಗಳು ಬಹುಪಾಲು ಕಾಣೆಯಾಗಿವೆ, ಅವು ಏನಾದವೆಂದು ಆಟ ಹೇಳುವ ಗೋಜಿಗೆ ಹೋಗುವುದಿಲ್ಲ. ಆಟದ ಕೈಚಳಕ ಬದಲಾಗಿ, ಬಿಡಿಭಾಗಗಳನ್ನು ಅಂಟಿಸಿ ವಾಹನ ಕಟ್ಟುವುದು ಮುಖ್ಯವಾದೊಡನೆ ಹಳೆಯ ಯಂತ್ರಗಳಿಗೆ ಕೆಲಸ ಉಳಿಯಲಿಲ್ಲ.

ಇದೇ ಸಮಸ್ಯೆಯನ್ನು ಕನ್ನಡ ಜಾನಪದ ವಿದ್ವಾಂಸರು ಬೇರೊಂದು ರೂಪದಲ್ಲಿ ಎದುರಿಸಿದ್ದಾರೆ. ಮಾದೇಶ್ವರ ಕಾವ್ಯ 'ಸಾಲು'ಗಳಲ್ಲಿ ವಿಂಗಡಣೆಗೊಂಡಿದೆ. ಸಾಲು ಎಂದರೆ ಸ್ವತಂತ್ರವಾಗಿ ಹಾಡಿ ಮುಗಿಸಬಹುದಾದ ಕಥಾಭಾಗ. ದೇವಾನುದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣದೊರೆಯನ್ನು ಉಪಾಯದಿಂದ ಕೊಲ್ಲುವುದು, ಆಲಂಬಾಡಿಯ ಜುಂಜೇಗೌಡನಿಂದ ಗುಡಿ ಕಟ್ಟಿಸಿಕೊಳ್ಳುವುದು, ಗಂಡ ನೀಲೇಗೌಡನ ಶಂಕೆಗೆ ಗುರಿಯಾದ ಸಂಕಮ್ಮನಿಗೆ ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ವರ ಕೊಡುವುದು, ಭಿಕ್ಷೆ ನಿರಾಕರಿಸಿದ ಬೇವಿನಹಟ್ಟಿ ಕಾಳಮ್ಮನ ಸಿರಿ ಅಳಿಸುವುದು, ಇಕ್ಕೇರಿ ದೇವಮ್ಮನ ಮತ್ತು ಸರಗೂರಯ್ಯನ ವೃತ್ತಾಂತಗಳು ಇವುಗಳಲ್ಲಿ ಮುಖ್ಯವಾದವು. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದವರ ಕೆಲಸದಿಂದ ಈ ಪರಂಪರೆ ಅಕ್ಷರಲೋಕಕ್ಕೆ ಪರಿಚಯವಾಯಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿ, ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಪಠ್ಯವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದರು, ಸಾಹಿತ್ಯ ಅಕಾಡೆಮಿ ಅದನ್ನು 2001ರಲ್ಲಿ ಪ್ರಕಟಿಸಿತು. ಅಚ್ಚಿನಲ್ಲಿ ಸಾಲುಗಳು ಹುಟ್ಟಿನಿಂದ ನೆಲೆಗೊಳ್ಳುವವರೆಗಿನ ಜೀವನಚರಿತ್ರೆಯಂತೆ ಒಂದರ ಹಿಂದೊಂದು ನಿಲ್ಲುತ್ತವೆ. ಓದುಗನಿಗೆ ಇದು ಅನಿವಾರ್ಯವಾದ ಅನುಕೂಲವೇ ಸರಿ. ಆದರೆ 'ಹೈರೂಲ್ ಹಿಸ್ಟೋರಿಯಾ' ಮಾಡಿದ ಕೆಲಸಕ್ಕೂ ಇದಕ್ಕೂ ಸ್ವರೂಪದಲ್ಲಿ ಹೆಚ್ಚು ಅಂತರವಿಲ್ಲ.

ಕಾವ್ಯದ ಹರಹು ಇಂದಿನ ರಾಜ್ಯಗಡಿಯನ್ನು ಲೆಕ್ಕಿಸದು ಎಂಬುದನ್ನು ಇಲ್ಲಿ ನೆನೆಯಬೇಕು. ಮಾದೇಶ್ವರನ ಬೆಟ್ಟವಿರುವ ಹಳೆಯ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಣಕಹಳ್ಳಿ ಸೇರಿದ ತಾಳವಾಡಿ ಸೀಮೆಯೂ ಅದೇ ಜಿಲ್ಲೆಯಲ್ಲಿತ್ತು. ಆ ವರ್ಷದ ನವೆಂಬರ್ 1ರಂದು ಬೆಟ್ಟ ಮೈಸೂರಿಗೆ ಬಂತು, ಕನ್ನಡ ಮನೆಮಾತಿನ ತಾಳವಾಡಿ ಮದರಾಸಿನಲ್ಲೇ ಉಳಿದು ಮುಂದೆ ಈರೋಡು ಜಿಲ್ಲೆಯ ಭಾಗವಾಯಿತು. ಪಣಕಹಳ್ಳಿಯಂಥ ಊರಿನ ಕೇಳುಗನಿಗೆ ಕಾವ್ಯದ ಬೆಟ್ಟ ಮತ್ತೊಂದು ರಾಜ್ಯದಲ್ಲಿದ್ದರೂ ಜಾತ್ರೆಗೆ ನಡೆದು ತಲುಪಬಹುದಾದ ನೆಲ. ಹೈರೂಲಿನಲ್ಲಿ ಅದೇ ಹೆಸರಿನ ಬೆಟ್ಟ, ಊರು, ಕಾಡುಗಳು ಕಂತಿನಿಂದ ಕಂತಿಗೆ ಜಾಗ ಬದಲಿಸಬಲ್ಲವು. ಮಾದೇಶ್ವರನ ಸಾಲುಗಳಲ್ಲಿ ಬೆಟ್ಟ ಬದಲಾಗುವಂತಿಲ್ಲ, ಏಕೆಂದರೆ ಕೇಳುಗನ ಕಾಲಿಗೆ ಅದರ ದಾರಿ ಗೊತ್ತು. ಕಾಲದಲ್ಲಿ ಸಡಿಲವಾಗಿರುವ ಕಾವ್ಯ ನೆಲದ ವಿಷಯದಲ್ಲಿ ಬಿಗಿಯಾಗಿದೆ.

ವಿವಾದಾಸ್ಪದ ಅಂಶ ಇನ್ನು ಮುಂದೆ ಬರುತ್ತದೆ. ಶ್ರವಣದೊರೆಯನ್ನು ಅಳಿಸಿ ದೇವತೆಗಳ ಸೆರೆ ಬಿಡಿಸಿದ ಮಾದೇಶ್ವರ ಮುಂದಿನ ಸಾಲಿನಲ್ಲಿ ಬೇವಿನಹಟ್ಟಿಯ ಬಾಗಿಲಲ್ಲಿ ಭಿಕ್ಷುಕ ಜಂಗಮನಾಗಿ ನಿಂತು ಬೈಸಿಕೊಳ್ಳುತ್ತಾನೆ. ಒಂದು ಸಾಲಿನಲ್ಲಿ ಗಳಿಸಿದ ಪ್ರಖ್ಯಾತಿ ಮುಂದಿನ ಸಾಲಿಗೆ ಸಲ್ಲುವುದಿಲ್ಲ. ಬಾಗಿಲು ತೆರೆದವರಿಗೆ ಆತ ಯಾರೆಂದು ತಿಳಿಯದು. ವಿಡಿಯೊ ಗೇಮ್ ಬಲ್ಲವರಿಗೆ ಇದು ಚಿರಪರಿಚಿತ: ಹಿಂದಿನ ಕಂತಿನಲ್ಲಿ ಲೋಕವನ್ನು ಉಳಿಸಿದ ನಾಯಕ ಹೊಸ ಕಂತಿನಲ್ಲಿ ಬರಿಗೈಯಲ್ಲಿ ಏಳುತ್ತಾನೆ, ಜೆಲ್ಡಾದ ಬಹುಪಾಲು ಕಂತುಗಳಲ್ಲಿ ನಾಯಕನ ಆಯುಷ್ಯ ಮೂರು ಹೃದಯಚಿಹ್ನೆಗಳಿಂದ ಶುರುವಾಗುತ್ತದೆ, 'ಮೆಟ್ರಾಯ್ಡ್' ಸರಣಿಯಲ್ಲಿ ನಾಯಕಿ ತಾನು ಗಳಿಸಿದ ಶಕ್ತಿಗಳನ್ನು ಮತ್ತೆ ಮತ್ತೆ ಕಳೆದುಕೊಳ್ಳುತ್ತಾಳೆ. ಈ ಮರುಪ್ರಾರಂಭಕ್ಕೆ ಕಾರಣವೇನು?

ಮೌಖಿಕ ಕಾವ್ಯದ ವಿಷಯದಲ್ಲಿ ಪ್ರಮಾಣವೆನಿಸಿದ ಉತ್ತರ ಆಲ್ಬರ್ಟ್ ಲಾರ್ಡ್ ಅವರದು. ಯುಗೊಸ್ಲಾವಿಯದ ಗಾಯಕರನ್ನು ಹೋಮರನೊಡನೆ ಹೋಲಿಸಿದ 1938ರ ಲೇಖನದಲ್ಲಿಯೂ, 1960ರ 'ದಿ ಸಿಂಗರ್ ಆಫ್ ಟೇಲ್ಸ್' ಗ್ರಂಥದಲ್ಲಿಯೂ ಅವರು ಕಥೆಯ ವಿರೋಧಗಳನ್ನು ರಚನಾವಿಧಾನದಿಂದ ವಿವರಿಸಿದರು: ಗಾಯಕನು ಸಿದ್ಧ ಪ್ರಸಂಗಗಳನ್ನು ಪೋಣಿಸಿ ಹಾಡುತ್ತಿರುವಾಗಲೇ ಕಟ್ಟುತ್ತಾನೆ, ಅವನ ಗಮನ ಕೈಯಲ್ಲಿರುವ ಪ್ರಸಂಗದ ಮೇಲಿರುತ್ತದೆ, ಆದ್ದರಿಂದ ಹಿಂದೆ ಹೇಳಿದ್ದಕ್ಕೆ ಅದು ತಗುಲಿದರೂ ಅವನಿಗಾಗಲಿ ಕೇಳುಗರಿಗಾಗಲಿ ಬಾಧೆಯಿಲ್ಲ. ವಿರೋಧವು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಇದು ಸಮರ್ಪಕ ಉತ್ತರ. ಅದು ಪ್ರತಿಸಲವೂ ಒಂದೇ ಬಗೆಯಲ್ಲಿ, ಬಲಿಷ್ಠ ಭಿಕ್ಷುಕನಾಗುವ ರೂಪದಲ್ಲಿಯೇ, ಏಕೆ ಹುಟ್ಟುತ್ತದೆ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಗಮನ ತಪ್ಪಿದ್ದರಿಂದ ಆಗುವ ತಪ್ಪುಗಳು ಚದುರಿ ಬೀಳಬೇಕು. ಇಲ್ಲಿ ಅವು ಸಾಲುಗಟ್ಟಿ ನಿಂತಿವೆ.

ಉತ್ತರವನ್ನು ಹಾಡುವವರ ಸ್ಥಿತಿಯಲ್ಲಿ ಹುಡುಕಬೇಕೆಂದು ಇಲ್ಲಿ ಸೂಚಿಸಲಾಗಿದೆ. ದೇವರಗುಡ್ಡ ಎಂದರೆ ಮಾದೇಶ್ವರನಿಗೆ ಹರಕೆಯಾಗಿ ದೀಕ್ಷೆ ಪಡೆದವನು; ಬಟ್ಟಲಿನಾಕಾರದ ಒಂದು, ತಟ್ಟೆಯಾಕಾರದ ಇನ್ನೊಂದು ಕಂಚಿನ ತಾಳಗಳಾದ ಕಂಸಾಳೆಯನ್ನು ಹಿಡಿದು ಮನೆಮನೆಯ ಮುಂದೆ ಹಾಡಿ ಭಿಕ್ಷೆ ಬೇಡುವುದು ಅವನ ವ್ರತ. ಈ ಭಿಕ್ಷೆಗೆ ಆ ಸೀಮೆಯಲ್ಲಿ ಕ್ವಾರಣ್ಯ ಎನ್ನುತ್ತಾರೆ. ಕಥೆಯೊಳಗೆ ಮಾದೇಶ್ವರ ಬಾಗಿಲ ಮುಂದೆ ಕ್ವಾರಣ್ಯಕ್ಕೆ ನಿಂತಿರುವಾಗ ಕಥೆಯ ಹೊರಗೆ ಗುಡ್ಡನೂ ಬಾಗಿಲ ಮುಂದೆ ಕ್ವಾರಣ್ಯಕ್ಕೆ ನಿಂತಿರುತ್ತಾನೆ. ಕಾಳಮ್ಮ ಕೊಡದೆ ಕೆಟ್ಟಳು ಎಂಬ ಮಾತು ಹಾಡು ಕೇಳುತ್ತಿರುವ ಮನೆಯವರಿಗೂ ತಾಕುತ್ತದೆ. ಹೀಗಿರುವಲ್ಲಿ ದೇವರು ಹಿಂದಿನ ಸಾಲಿನ ವೈಭವವನ್ನು ಹೊತ್ತು ಬಂದರೆ ಹೊಸ್ತಿಲ ಮೇಲಿನ ಈ ಕೂಟ ಮುರಿಯುತ್ತದೆ. ಸಾಲುಗಳ ನಡುವೆ ಹೊಂದಿಕೆ ಇಲ್ಲದಿರುವುದು ಹಾಡುವ ಕ್ರಿಯೆಯೊಡನೆ ಹೊಂದಿಕೆ ಇರುವುದರ ಫಲವಾಗಿರಬಹುದು ಎಂಬುದು ಲೇಖನದ ಮುಖ್ಯ ವಾದ.

ಈ ವಾದಕ್ಕೆ ಮಿತಿಗಳನ್ನು ಹಾಕದೆ ಮುಂದುವರಿಯುವುದು ಸರಿಯಲ್ಲ. ಮೊದಲನೆಯದಾಗಿ, ಭಕ್ತರ ದೃಷ್ಟಿಯಲ್ಲಿ ಇಲ್ಲಿ ವಿರೋಧವೇ ಇಲ್ಲ: ಮಾದೇಶ್ವರ ಮಾಯಕಾರ, ಬೇಡುವುದು ಆತ ಒಡ್ಡುವ ಪರೀಕ್ಷೆ. ಈ ಸಮಾಧಾನವನ್ನು ಪೂರ್ಣವಾಗಿ ಒಪ್ಪಿದರೂ ಮಾಯೆಗೆ ಸಾವಿರ ವೇಷಗಳಿರುವಾಗ ಈ ಒಂದು ವೇಷವೇ ಏಕೆ ಮರುಕಳಿಸಬೇಕೆಂಬ ಪ್ರಶ್ನೆ ಉಳಿಯುತ್ತದೆ. ಎರಡನೆಯದಾಗಿ, ಶಿವ ಭಿಕ್ಷುಕನಾಗಿ ಬಂದು ಭಕ್ತರನ್ನು ಪರೀಕ್ಷಿಸುವುದು ಶೈವಸಾಹಿತ್ಯದ ಹಳೆಯ ಆಶಯ. ಸಿರಿಯಾಳನ ಕಥೆ ಕನ್ನಡದ ಶರಣಸಾಹಿತ್ಯದಲ್ಲಿಯೂ ತಮಿಳಿನ 'ಪೆರಿಯ ಪುರಾಣ'ದಲ್ಲಿಯೂ ಇದೆ, ಎರಡು ಭಾಷೆಗಳ ಅಂಚಿನಲ್ಲಿ ಹಾಡುವ ಗುಡ್ಡರಿಗೆ ಅದು ದಕ್ಕದೆ ಇರುವುದು ಅಸಂಭವ. ಆಶಯದ ಮೂಲ ಅಲ್ಲಿಯದೇ ಇದ್ದೀತು. ಎಲ್ಲಿಂದಲೋ ಬಂದ ಆಶಯವನ್ನು ಕಾವ್ಯ ಮತ್ತೆ ಮತ್ತೆ ಸಾಲಿನ ಹೊಸ್ತಿಲಾಗಿ ಬಳಸಿತು ಎಂಬಷ್ಟನ್ನೇ ಇಲ್ಲಿ ಪ್ರದರ್ಶನದ ಲೆಕ್ಕಕ್ಕೆ ಸೇರಿಸಲಾಗಿದೆ. ಮೂರನೆಯದಾಗಿ, ಎಲ್ಲ ಸಾಲುಗಳೂ ಈ ಮಾದರಿಗೆ ಸಮನಾಗಿ ಒಗ್ಗುವುದಿಲ್ಲ. ಶ್ರವಣನ ಸಾಲಿನ ಕೇಂದ್ರದಲ್ಲಿರುವುದು ಭಿಕ್ಷೆಗಿಂತ ಹೆಚ್ಚಾಗಿ ಉಪಾಯ.

ನೆರೆಯ ಕಾವ್ಯಗಳ ಸಾಕ್ಷ್ಯ ವಾದಕ್ಕೆ ಸ್ವಲ್ಪಮಟ್ಟಿನ ಬಲ ಕೊಡುತ್ತದೆ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರೂ ದೀಕ್ಷೆ ಪಡೆದು ಭಿಕ್ಷೆ ಬೇಡುವವರು. ಅವರ ಕಾವ್ಯದಲ್ಲಿ ಜಗದೊಡೆಯನೆನಿಸಿದ ಮಂಟೇಸ್ವಾಮಿ ಕಲ್ಯಾಣದ ಬಾಗಿಲಲ್ಲಿ ಹೇಸಿಗೆ ಹುಟ್ಟಿಸುವ ರೂಪದಲ್ಲಿ ನಿಲ್ಲುತ್ತಾನೆ, ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಬೇಡುತ್ತಾನೆ. ಇದಕ್ಕೆ ಪ್ರತಿಯಾಗಿ ಕಾಡುಗೊಲ್ಲರು ಗಣೆ ಎಂಬ ಉದ್ದನೆಯ ಬಿದಿರುಕೊಳಲಿನೊಡನೆ ಹಾಡುವ ಜುಂಜಪ್ಪನ ಕಾವ್ಯದಲ್ಲಿ ನಾಯಕ ದನಗಾಹಿ ವೀರನಾಗಿಯೇ ಮುಂದುವರಿಯುತ್ತಾನೆ. ಹಾಡುವವರೂ ದನ ಕುರಿಗಳೊಡನೆ ಬದುಕಿದವರೇ. ಮೂರು ಕಾವ್ಯಗಳ ಹೋಲಿಕೆಯಿಂದ ನಿಯಮವೊಂದನ್ನು ಸಿದ್ಧಪಡಿಸುವುದು ಅವಸರವಾದೀತು, ಆದರೂ ದಿಕ್ಕು ಸ್ಪಷ್ಟವಿದೆ.

ಇನ್ನೊಂದು ಸಾಕ್ಷ್ಯ ತೀರ ಈಚಿನದು. ಕಥೆಯ ಹೊಂದಿಕೆಯ ಬಗ್ಗೆ ಇಷ್ಟು ಉದಾರವಾದ ಈ ಸಮುದಾಯ ಯಾವುದನ್ನೂ ಆಕ್ಷೇಪಿಸದು ಎಂದಲ್ಲ. 2020ರ ಆಗಸ್ಟ್‌ನಲ್ಲಿ ಕಂಸಾಳೆಯ ಪ್ರಸಿದ್ಧ ಹಾಡೊಂದನ್ನು ಬಳಸಿಕೊಂಡ ಸಂಗೀತ ವಿಡಿಯೊವೊಂದು ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ವಿರೋಧ ಸೂಚಿಸಿದರು, ವಿಡಿಯೊವನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ಹಾಡು 1996ರ 'ಜನುಮದ ಜೋಡಿ' ಚಲನಚಿತ್ರದಲ್ಲಿ ಬಂದಾಗ ಜನ ಅದನ್ನು ಮೆಚ್ಚಿಕೊಂಡಿದ್ದರು. ಎರಡೂ ಬಾರಿ ಹಾಡು ತನ್ನ ಸಾಲಿನಿಂದ ಬಿಡಿಸಿಕೊಂಡೇ ಬಂದಿತ್ತು, ಕಥೆ ತುಂಡಾಗಿತ್ತೆಂಬುದು ದೂರಾಗಿರಲಿಲ್ಲ. ದೂರು ಶರಣೆಯೊಬ್ಬಳ ಮುಂದೆ ಹೇಗೆ ನಡೆದುಕೊಳ್ಳಬೇಕೆಂಬುದರದು. ಸಮುದಾಯ ಕಾಪಾಡುವ ಹೊಂದಿಕೆ ಘಟನಾಕ್ರಮದಲ್ಲಿ ಇರದೆ ನಡಾವಳಿಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಸಿಗುವುದು ಕಷ್ಟ. ರಸಕ್ಕೆ ಒಗ್ಗದ ಅಂಶ ಇತಿವೃತ್ತದಲ್ಲಿ, ಎಂದರೆ ಪರಂಪರೆಯಿಂದ ಬಂದ ಕಥೆಯಲ್ಲಿ, ಇದ್ದರೂ ಕವಿ ಅದನ್ನು ಬಿಡಬೇಕೆಂದು ಆನಂದವರ್ಧನ 'ಧ್ವನ್ಯಾಲೋಕ'ದ ಮೂರನೆಯ ಉದ್ಯೋತದಲ್ಲಿ ಹೇಳಿದ್ದಾನೆ. ಕಥೆಯ ನಿಷ್ಠೆಗಿಂತ ಮೇಲಾದ ನಿಷ್ಠೆಯೊಂದಿದೆ ಎಂಬ ಅರಿವು ನಮ್ಮ ಕಾವ್ಯಮೀಮಾಂಸೆಗೆ ಹೊಸದೇನಲ್ಲ.

ವಿಡಿಯೊ ಗೇಮ್ ಸರಣಿಗಳಿಗೆ ಮರಳಿದರೆ, ಯೂಲ್ ಅವರ ಮಾತನ್ನು ಬಿಡಿ ಆಟದಿಂದ ಸರಣಿಗೆ ವಿಸ್ತರಿಸಲು ಈ ಸಾಕ್ಷ್ಯ ದಾರಿ ಮಾಡುತ್ತದೆ. ಪ್ರತಿ ಕಂತಿನ ಮುಂದೆ ಕೂರುವವನು, ಹಳೆಯ ಆಟಗಾರನೇ ಆಗಿದ್ದರೂ, ಆ ಕಂತಿನ ಮಟ್ಟಿಗೆ ಕಲಿಯಬೇಕಾದವನು. ಕೆಲವರಂತೂ ಸರಣಿಗೆ ಆಗಷ್ಟೇ ಕಾಲಿಟ್ಟವರು. ಮೂರು ಹೃದಯಗಳೊಡನೆ ಏಳುವ ನಾಯಕನ ಅಸಹಾಯತೆ ಹಿಂದಿನ ಕಂತಿಗೆ ವಿರುದ್ಧವಾಗಿದ್ದರೂ ಆಟಗಾರನ ಕೈಯ ಅಸಹಾಯತೆಗೆ ಸರಿಯಾಗಿದೆ. ಕಾಲಾನುಕ್ರಮವನ್ನು ಜೋಡಿಸುವ ಅಭಿಮಾನಿ ಓದುಗನ ಜಾಗದಲ್ಲಿ ಕುಳಿತು ಸರಣಿಯನ್ನು ನೋಡುತ್ತಾನೆ, ಅದಕ್ಕಾಗಿಯೇ ಅವನಿಗೆ ಬಿರುಕುಗಳು ಕಾಣುತ್ತವೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು: ಸರಣಿಯ ಒಡೆತನ ಒಂದು ಸಂಸ್ಥೆಯದು, ಪ್ರತಿ ಕಂತು ಮಾರಾಟಕ್ಕೆ ಬರುವ ಸರಕು, ಅಲ್ಲಿ ದೀಕ್ಷೆಯಿಲ್ಲ, ಹರಕೆಯಿಲ್ಲ. ಹಿಂದಿನದನ್ನು ಮರೆಸುವುದರಲ್ಲಿ ಹೊಸ ಗಿರಾಕಿಯನ್ನು ಸೆಳೆಯುವ ಲೆಕ್ಕಾಚಾರವೂ ಇರಬಹುದು, ಅದನ್ನು ಸೌಂದರ್ಯತತ್ತ್ವವೆಂದು ಕರೆಯಬೇಕಾಗಿಲ್ಲ.

ಇತ್ಯರ್ಥವಾಗದೆ ಉಳಿಯುವ ಪ್ರಶ್ನೆ ಬೀಸು ಕಂಸಾಳೆಯದು. ತಾಳವನ್ನು ಬೀಸುತ್ತ ಕುಣಿಯುವ ಈ ಚಮತ್ಕಾರದ ಪ್ರಕಾರ ಮೆರವಣಿಗೆ, ಉತ್ಸವ, ಸ್ಪರ್ಧೆಗಳ ವೇದಿಕೆಯಲ್ಲಿ ಬೆಳೆದಂತೆ ಸಾಲು ಕೆಲವೇ ನುಡಿಗಳಿಗೆ ಇಳಿದಿದೆ, ಮನೆಯ ಹೊಸ್ತಿಲು ಇಲ್ಲವಾಗಿದೆ. ಕ್ವಾರಣ್ಯವೇ ಇಲ್ಲದ ಕಡೆ ದೇವರು ಮತ್ತೆ ಭಿಕ್ಷುಕನಾಗುವ ಅಗತ್ಯ ಉಳಿಯುತ್ತದೆಯೇ, ಅಥವಾ ಸಾಲುಗಳು ಕ್ರಮೇಣ ಅಚ್ಚಿನ ಜೀವನಚರಿತ್ರೆಯ ಕಡೆಗೆ ವಾಲುತ್ತವೆಯೇ ಎಂಬುದನ್ನು ಈಗಲೇ ಹೇಳಲಾಗದು. ಅದನ್ನು ತಿಳಿಯಲು ಹಾಡಿನ ಪಠ್ಯವೊಂದೇ ಸಾಲದು. ಪಣಕಹಳ್ಳಿ, ತಾಳವಾಡಿಗಳಿಂದ ಹನೂರಿನವರೆಗಿನ ಊರುಗಳಲ್ಲಿ ಧ್ವನಿಮುದ್ರಣ ಮಾಡುವ ಸಂಗ್ರಾಹಕರು ಯಾವ ಸಾಲನ್ನು ಯಾರ ಮನೆಯ ಮುಂದೆ ಹಾಡಲಾಯಿತು, ಎಲ್ಲಿ ನಿಲ್ಲಿಸಲಾಯಿತು, ಕ್ವಾರಣ್ಯ ಕಥೆಯ ಯಾವ ಹಂತದಲ್ಲಿ ಬಂತು ಎಂಬುದನ್ನೂ ಪಠ್ಯದ ಪಕ್ಕದಲ್ಲಿ ದಾಖಲಿಸಬೇಕು.