ಉರಿಯೂ ಇಲ್ಲ, ಊತವೂ ಇಲ್ಲ

ಉರಿಯೂತ ಎಂಬ ಪದದೊಳಗೇ ಅದರ ಎರಡು ಲಕ್ಷಣಗಳಿವೆ. ಒಂದನೇ ಶತಮಾನದ ರೋಮನ್ ಲೇಖಕ ಸೆಲ್ಸಸ್ ಉರಿ, ಊತಗಳ ಜೊತೆ ಕೆಂಪನ್ನೂ ನೋವನ್ನೂ ಸೇರಿಸಿ ನಾಲ್ಕು ಎಂದ. ಸುಶ್ರುತ ಸಂಹಿತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಾವು ಇನ್ನೂ ಕಾಯಿಯೋ, ಮಾಗುತ್ತಿದೆಯೋ, ಹಣ್ಣಾಗಿದೆಯೋ ಎಂದು ನೋಡಿಯೇ ಶಸ್ತ್ರ ಹಿಡಿಯಬೇಕೆನ್ನುತ್ತದೆ. ಕುರು ಹಣ್ಣಾಗಲೆಂದು ನಮ್ಮ ಅಜ್ಜಿಯಂದಿರು ಕಾಯುತ್ತಿದ್ದುದೂ ಇದೇ ಲೆಕ್ಕದಲ್ಲಿ. ಇವರೆಲ್ಲ ಬಲ್ಲದ್ದು ಕಣ್ಣಿಗೆ ಕಾಣುವ, ಕೈಗೆ ಬಿಸಿ ತಾಗುವ ಉರಿಯೂತವನ್ನು.

ಅದು ರೋಗವಲ್ಲ, ಪೆಟ್ಟು ತಿಂದ ದೇಹ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಬಗೆ ಎಂದು ವಾದಿಸಿದವನು ಸೇನೆಯಲ್ಲಿ ಗುಂಡೇಟಿನ ಗಾಯಗಳನ್ನು ಕಂಡಿದ್ದ ಬ್ರಿಟಿಷ್ ಶಸ್ತ್ರವೈದ್ಯ ಜಾನ್ ಹಂಟರ್. ಅವನ ಪುಸ್ತಕ ಹೊರಬಂದದ್ದು 1794ರಲ್ಲಿ, ಅವನು ತೀರಿಕೊಂಡ ಮರುವರ್ಷ. 1867ರಲ್ಲಿ ಜರ್ಮನಿಯ ಕೋನ್‌ಹೈಮ್ ಕಪ್ಪೆಯ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಬಿಳಿ ರಕ್ತಕಣಗಳು ನಾಳದ ಗೋಡೆಯಿಂದ ನುಸುಳಿ ಹೊರಬೀಳುವುದನ್ನು ಕಂಡ. ಕೀವಿನ ಮೂಲ ಸಿಕ್ಕಿತು. ಆ ಕಣಗಳು ಹೊರಬಂದು ಮಾಡುವುದೇನು?

ನನ್ನ ಮಟ್ಟಿಗೆ ಇಡೀ ಚರಿತ್ರೆಯ ಚೆಂದದ ಪ್ರಯೋಗ ಇದಕ್ಕೆ ಸಿಕ್ಕ ಉತ್ತರವೇ. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿದ್ದ ರಷ್ಯದ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫ್, ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿಟ್ಟ. ಬೆಳಗಾಗುವಷ್ಟರಲ್ಲಿ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಆ ಮರಿಗೆ ರಕ್ತನಾಳಗಳೇ ಇಲ್ಲ, ಕೆಂಪಾಗುವ ಮಾತೆಲ್ಲಿ! ಸೆಲ್ಸಸ್‌ನ ಲಕ್ಷಣಗಳಿಲ್ಲದೆಯೂ ಉರಿಯೂತವಿರಬಹುದೆಂದು ಮೊದಲು ಹೇಳಿದ್ದು ಈ ಮರಿಯೇ. ಮೆಚ್ನಿಕಾಫ್‌ಗೆ 1908ರ ನೊಬೆಲ್ ಬಂತು.

ಔಷಧಿಗಳು ಅರಿವಿಗಿಂತ ಮುಂಚೆಯೇ ಬಂದವು. 1899ರಿಂದ ಮಾರಾಟದಲ್ಲಿದ್ದ ಆಸ್ಪಿರಿನ್, ನೋವು ಊತಗಳನ್ನು ತರುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ತಡೆಯುತ್ತದೆಂದು ಬ್ರಿಟಿಷ್ ಔಷಧವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕೊಟ್ಟ ಕಾರ್ಟಿಸೋನ್, ಸಂಧಿವಾತದಿಂದ ಹಾಸಿಗೆ ಹಿಡಿದವರನ್ನು ಕೆಲವೇ ದಿನಗಳಲ್ಲಿ ನಡೆಸಿತು. ಅಡ್ಡಪರಿಣಾಮಗಳು ತಡವಾಗಿ ಬಂದವು, ಆದರೆ ಬಂದವು.

ನಂತರದ ತಿರುವು ಹೃದಯದ ಕಡೆಗೆ. ಉರಿಯೂತವಾದಾಗ ಯಕೃತ್ತು ತಯಾರಿಸುವ ಸಿಆರ್‌ಪಿ ಎಂಬ ಪ್ರೋಟೀನು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾಗಿತ್ತು. ನೋಡಲು ಆರೋಗ್ಯವಂತರಾಗಿದ್ದರೂ ಇದು ತುಸು ಹೆಚ್ಚಿರುವ ಗಂಡಸರಿಗೆ ಹೃದಯಾಘಾತದ ಅಪಾಯ ಹೆಚ್ಚು ಎಂದು 1997ರಲ್ಲಿ ಅಮೆರಿಕದ ವೈದ್ಯ ಪಾಲ್ ರಿಡ್ಕರ್ ತಂಡ ವರದಿ ಮಾಡಿತು. ಉರಿಯಿಲ್ಲ, ಊತವಿಲ್ಲ; ಇರುವುದು ಲ್ಯಾಬ್ ರಿಪೋರ್ಟಿನ ಒಂದು ಅಂಕಿ. ಅದು ಬೆಂಕಿಯೋ ಬರಿಯ ಹೊಗೆಯೋ ಎಂಬ ಜಗಳ ಇಪ್ಪತ್ತು ವರ್ಷ ನಡೆಯಿತು. 2017ರಲ್ಲಿ ಸುಮಾರು 10,000 ಹೃದ್ರೋಗಿಗಳ ಮೇಲೆ ನಡೆದ ಕ್ಯಾಂಟೋಸ್ ಪ್ರಯೋಗದಲ್ಲಿ, ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧಿ ಹೃದಯಾಘಾತದಂಥ ಅನಾಹುತಗಳನ್ನು ಶೇ. 15ರಷ್ಟು ಇಳಿಸಿತು. ಆದರೆ ಸೋಂಕಿನಿಂದ ಸತ್ತವರ ಸಂಖ್ಯೆ ಏರಿತು. ಮುಳ್ಳನ್ನು ಮುತ್ತಿದ್ದಂಥ ಕಣಗಳ ಕಾವಲು ಕೆಲಸಕ್ಕೆ ರಜೆ ಕೊಟ್ಟಂತಾಗಿತ್ತು.

ಕೋವಿಡ್ ಬಂದಾಗ ಸಿಆರ್‌ಪಿ ನಮ್ಮ ಮನೆಮಾತಾಯಿತು. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಕಾರ್ಟಿಸೋನ್ ಬಳಗದ ಅಗ್ಗದ ಸ್ಟೀರಾಯ್ಡ್ ಡೆಕ್ಸಾಮೆಥಾಸೋನನ್ನು ಪರೀಕ್ಷಿಸಿತು. ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದು ಭಾಗದಷ್ಟು ತಗ್ಗಿತು. ಆಮ್ಲಜನಕವೇ ಬೇಕಿಲ್ಲದಿದ್ದ ರೋಗಿಗಳಿಗೆ ಅದೇ ಮಾತ್ರೆಯಿಂದ ಯಾವ ಲಾಭವೂ ಆಗಲಿಲ್ಲ.